ಹೊಲಿದ ಜೇಬಿನ ನಾರಾಯಣಪ್ಪ

ನಾರಾಯಣಪ್ಪನವರ ಖಾಕಿ ಕೋಟಿಗೆ ನಾಲ್ಕು ಜೇಬುಗಳಿದ್ದವು, ನಾಲ್ಕಕ್ಕೂ ಬಾಯಿ ಹೊಲಿದಿತ್ತು. ದರ್ಜಿಯ ಮರೆವಲ್ಲ, ಹರಿದದ್ದಕ್ಕೆ ಹಾಕಿದ ತೇಪೆಯೂ ಅಲ್ಲ. ಪ್ರತಿವರ್ಷ ನವರಾತ್ರಿಯ ಪಾಡ್ಯದ ಬೆಳಗ್ಗೆ ಸ್ನಾನ ಮುಗಿಸಿ, ಮಾರೇನಹಳ್ಳಿಯ ತಮ್ಮ ಎರಡು ಕೋಣೆಯ ಮನೆಯ ಮೆಟ್ಟಿಲ ಮೇಲೆ ಕೋಟನ್ನು ಮಡಿಲಿಗೆ ಹಾಕಿಕೊಂಡು ಕೂತು, ದಪ್ಪ ಸೂಜಿಗೆ ಕಪ್ಪು ದಾರ ಪೋಣಿಸಿ, ಅವರೇ ಕೈಯಾರೆ ಹಾಕುತ್ತಿದ್ದ ಹೊಲಿಗೆ ಅದು. ಬಲಿಪಾಡ್ಯಮಿ ಕಳೆದ ಮಾರನೆಯ ದಿನ ಹಳೆಯ ಬ್ಲೇಡಿನಿಂದ ಅದನ್ನು ಬಿಚ್ಚುತ್ತಿದ್ದರು. ನಡುವಿನ ಆ ಒಂದು ತಿಂಗಳು, ಊರೆಲ್ಲ ಬೋನಸ್ಸು, ಹೊಸ ಬಟ್ಟೆ, ಪಟಾಕಿಗಳ ಗುಂಗಿನಲ್ಲಿರುವಾಗ, ಅವರು ವಿಜಯನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಒಂದು ತಗಡಿನ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಬೀದಿಯಲ್ಲಿ ಸಿಕ್ಕಿದ ಅನಾಥರನ್ನು, ಮಕ್ಕಳಿದ್ದೂ ಇಲ್ಲದಂತಾದ ಮುದುಕರನ್ನು, ತಮ್ಮ ಹೆಸರೇ ಮರೆತುಹೋದ ಹೆಂಗಸರನ್ನು ಕರೆತಂದು ಸಾಕುವ ಒಂದು ಆಶ್ರಮ ಕೆಂಗೇರಿಯ ಆಚೆ ಇದೆ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಸಂಸ್ಕೃತದ ಹೆಸರು, ನಾರಾಯಣಪ್ಪನವರ ಬಾಯಲ್ಲಿ ಮಾತ್ರ ಅದು ‘ದಿಕ್ಕಿಲ್ಲದವರ ಮನೆ’. ಆ ಮನೆಗಾಗಿ, ಯಾರೂ ಕರೆಯದಿದ್ದರೂ ತಾವಾಗಿ ಹೋಗಿ ಹೆಸರು ಕೊಟ್ಟು, ಬಿಡಿಗಾಸಿನ ಪ್ರತಿಫಲವಿಲ್ಲದೆ ವರ್ಷ ವರ್ಷವೂ ನಿಂತವರು ಅವರು.

ಜೇಬಿನ ಭಯ ಅವರಿಗೆ ಅಂಟಿದ್ದು ಕಸುಬಿನಿಂದ. ಮೂವತ್ತೆರಡು ವರ್ಷ ಅವರು ಸಿಟಿ ಬಸ್ಸಿನ ಕಂಡಕ್ಟರು. ಡ್ಯೂಟಿಗೆ ಹತ್ತುವ ಮುನ್ನ ತನ್ನ ಸ್ವಂತದ ದುಡ್ಡು ಜೇಬಿನಲ್ಲಿ ಎಷ್ಟಿದೆಯೆಂದು ಕಂಡಕ್ಟರಾದವನು ಬರೆದುಕೊಡಬೇಕು. ಆಮೇಲೆ ದಾರಿಯಲ್ಲಿ ಎಲ್ಲಿ ಬೇಕಾದರೂ ತಪಾಸಣೆಯವರು ಹತ್ತಿ, ಚೀಲವನ್ನೂ ಜೇಬನ್ನೂ ಜಾಲಾಡಬಹುದು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹೆಂಡತಿ ಲಕ್ಷ್ಮಮ್ಮ ಬರುವಾಗ ತರಕಾರಿ ತರಲೆಂದು ಗಂಡನಿಗೆ ಹೇಳದೆ ಮೇಲಿನ ಜೇಬಿಗೆ ಒಂದು ನೋಟು ತುರುಕಿದ್ದಳಂತೆ. ಹಂಪಿನಗರದ ಸ್ಟಾಪಿನಲ್ಲಿ ತಪಾಸಣೆ. ಬರೆಯದ ನೋಟು ಜೇಬಿನಿಂದ ಹೊರಬಂದಾಗ ಬಸ್ಸಿನಲ್ಲಿದ್ದ ಅರವತ್ತು ಜನ ಒಟ್ಟಿಗೆ ತಿರುಗಿ ನೋಡಿದ್ದನ್ನು ಅವರು ನನಗೆ ಹತ್ತಾರು ಸಲ ಹೇಳಿದ್ದಾರೆ. “ಮೆಮೋ ಕೊಟ್ರು, ಹೋಯ್ತು. ಆದ್ರೆ ಆ ಕಣ್ಣುಗಳು ಹೋಗ್ಲಿಲ್ಲ ಸಾರ್” ಎನ್ನುತ್ತಿದ್ದರು. ಲಕ್ಷ್ಮಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದೆ, ಆ ನೋಟಿನ ಮಾತು ಬಂದಾಗ ಈಗಲೂ ಅವರ ಕೈ ಎದೆಯ ಮೇಲಿನ ಜೇಬಿಗೆ ಹೋಗುತ್ತದೆ.

ನಾನು ಚಂದ್ರಾ ಲೇಔಟಿನವನು. ಪಾಠ ಹೇಳುವ ಕೆಲಸದಲ್ಲಿದ್ದಾಗ ಅವರ ಬಸ್ಸಿನಲ್ಲೇ ಕಾಲೇಜಿಗೆ ಹೋಗಿಬಂದವನು. ನಿವೃತ್ತರಾದ ಮೇಲೂ ಅವರ ನಿಲುವು ಬಸ್ಸಿನದಾಗಿಯೇ ಉಳಿಯಿತು. ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ಇಷ್ಟೇ ಇಷ್ಟು ಬಾಗಿಸಿ, ಅಲುಗಾಡದ ಗಟ್ಟಿ ನೆಲದ ಮೇಲೂ ಇನ್ನೇನು ಡ್ರೈವರು ಬ್ರೇಕು ಹಾಕುತ್ತಾನೆ ಎಂಬಂತೆ ನಿಲ್ಲುವರು. ಬಲಗೈಯಲ್ಲಿ ಡಬ್ಬಿ, ಎಡಗೈ ಆಗಾಗ ಇಲ್ಲದ ಕಂಬಿಯನ್ನು ಹುಡುಕಿ ಮೇಲಕ್ಕೇರುವುದು. ಫೋನು ಜೇಬಿನಲ್ಲಿಡುವಂತಿಲ್ಲವಲ್ಲ, ಅದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಬೇರೆಯವರು ದಾನ ಕೇಳುವ ದೈನ್ಯ ಅವರ ದನಿಯಲ್ಲಿ ಲವಲೇಶವೂ ಇರಲಿಲ್ಲ. “ಹೋಲ್ಡಾನ್ ಸಾರ್! ದಿಕ್ಕಿಲ್ಲದವ್ರ ಮನೆಗೆ ಒಂದೂಟ ಹಾಕಿ ಮುಂದಕ್ ಹೋಗಿ! ದಾರಿ ಬಿಟ್ಕೊಂಡು, ದಾರಿ ಬಿಟ್ಕೊಂಡು!” ಎಂದು ಅಪ್ಪಣೆ ಮಾಡುತ್ತಿದ್ದರು. ಹೆದರಿ ಕೊಟ್ಟವರೂ ಇದ್ದರು. ಪುಕ್ಕಟೆಯಾಗಿ ಯಾರಿಂದಲೂ ಏನನ್ನೂ ತೆಗೆದುಕೊಂಡು ಅಭ್ಯಾಸವಿಲ್ಲದ ಆ ಜೀವ, ಡಬ್ಬಿಗೆ ಒಂದು ರೂಪಾಯಿ ಬಿದ್ದರೂ ಒಂದು ಸಣ್ಣ ಗುಲಾಬಿ ಬಣ್ಣದ ಚೀಟಿ ಕೊಡುತ್ತಿತ್ತು. ಅದರ ಮೇಲೆ ಆಶ್ರಮದ ಹೆಸರು, ಫೋನ್ ನಂಬರು, ಒಂದು ವಂದನೆ. ಕೊಡುವ ಮುನ್ನ ಹಳೆಯ ಕಾಲದ ಟಿಕೆಟ್ ಪಂಚಿನಲ್ಲಿ ‘ಟಿಕ್’ ಎಂದು ಒಂದು ತೂತು ಹಾಕಲೇಬೇಕು. ಯಾಕೆಂದು ಕೇಳಿದರೆ, “ತೂತಿಲ್ದಿದ್ರೆ ಅದು ಬರೀ ಕಾಗ್ದ ಸಾರ್” ಎಂಬ ಉತ್ತರ. ಕೊನೆಗೆ, ಬಸ್ಸಿನ ಬೆನ್ನು ತಟ್ಟಿ ಹೊರಡಿಸುವವರ ಹಾಗೆ, “ರೈಟ್!” ಎಂದರೆ ನೀವು ಹೋಗಬಹುದು.

ಆ ಕೆಲಸ ಎಂಥ ಹಾಳು ಕೆಲಸವೆಂದು ಒಂದು ಸಂಜೆ ಅವರ ಪಕ್ಕದಲ್ಲಿ ನಿಂತಾಗ ನನಗೆ ತಿಳಿಯಿತು. ಹಬ್ಬದ ಜನ ಎಂದರೆ ಉದಾರಿಗಳಾಗಿರುತ್ತಾರೆಂದು ತಿಳಿದಿದ್ದ ನನ್ನಂಥ ಪೆದ್ದ ಇನ್ನೊಬ್ಬನಿರಲಿಕ್ಕಿಲ್ಲ. ಎರಡೂ ಕೈಯಲ್ಲಿ ಬಟ್ಟೆಯ ಚೀಲ ಹಿಡಿದವರು ಡಬ್ಬಿ ಕಂಡೊಡನೆ ಚೀಲವನ್ನು ಕೈಯಿಂದ ಕೈಗೆ ಬದಲಿಸುವರು. ಫೋನಿಲ್ಲದ ಕಿವಿಗೆ ಫೋನು ಏರುವುದು. ತಂದೆಯೊಬ್ಬ ಮಗಳ ಕಣ್ಣನ್ನೇ ಅಂಗೈಯಿಂದ ಮುಚ್ಚಿ ದಾಟಿಸಿದ. ಡಬ್ಬಿಯ ಮೇಲೆ ಸ್ಕ್ಯಾನ್ ಮಾಡುವ ಚೌಕ ಅಂಟಿಸಿದ್ದರು, ಅದಕ್ಕೆ ಫೋನು ಹಿಡಿದು ಕೊನೆಯ ಗಳಿಗೆಯಲ್ಲಿ ನೆಟ್ ಇಲ್ಲ ಎಂದು ನಕ್ಕು ಹೋದವರು ಬೇರೆ. ಹುಡುಗರ ಗುಂಪಿನಲ್ಲಿ ಒಬ್ಬ, “ಇವೆಲ್ಲಾ ಫ್ರಾಡ್ ಕಣೋ ಮಗಾ, ಸಂಜೆ ಆದ್ಮೇಲೆ ಡಬ್ಬಿ ಜೇಬಿಗೆ ಇಳಿಯುತ್ತೆ” ಎಂದು ಕೇಳುವಂತೆಯೇ ಹೇಳಿದ. ನಾರಾಯಣಪ್ಪ ಸಿಟ್ಟಾಗಲಿಲ್ಲ. ಕೋಟಿನ ನಾಲ್ಕೂ ಜೇಬನ್ನು ಒಂದೊಂದಾಗಿ ಎಳೆದು ಹೊಲಿಗೆ ತೋರಿಸಿ, “ನೋಡ್ಕೊಳಪ್ಪ, ಗಾಳೀನೂ ಹೋಗಲ್ಲ” ಎಂದರು. ಹುಡುಗರು ಹೋ ಎಂದು ನಕ್ಕರು. ಅವರೂ ನಕ್ಕರು. ಆದರೆ ಹುಡುಗರು ಹೋದ ಮೇಲೆ ಒಂದೊಂದು ಜೇಬಿನ ಹೊಲಿಗೆಯ ಮೇಲೂ ಬೆರಳಾಡಿಸಿ ನೋಡಿಕೊಂಡರು.

ಡಬ್ಬಿಗೆ ಒಂದು ಬೀಗ. ಬೀಗದ ಮೇಲೆ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಆಶ್ರಮದ ಕಾರ್ಯದರ್ಶಿ ಆನಂದ್ ಅವರ ಸಹಿ ಮತ್ತು ಅರಗಿನ ಮುದ್ರೆ. ಬೀಗದ ಕೈ ಆನಂದರ ಬಳಿಯೇ. ಇಬ್ಬರು ಸಾಕ್ಷಿಗಳಿಲ್ಲದೆ ಅದನ್ನು ತೆರೆಯಬಾರದೆಂಬ ನಿಯಮವನ್ನು ಒತ್ತಾಯ ಮಾಡಿ ಬರೆಸಿದವರು ನಾರಾಯಣಪ್ಪನವರೇ.

ಎರಡು ವರ್ಷದ ಹಿಂದಿನ ಆಯುಧಪೂಜೆಯ ದಿನ. ರಸ್ತೆಯ ತುಂಬ ಒಡೆದ ಬೂದುಗುಂಬಳದ ಚೂರು, ಕುಂಕುಮದ ನೀರು, ಬಾಳೆಕಂದು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಮೆಟ್ರೋ ಮೆಟ್ಟಿಲನ್ನು ಗೋಡೆ ಹಿಡಿದು ಹಿಡಿದು ಒಬ್ಬ ಹೆಂಗಸು ಇಳಿದು ಬಂದಳು. ಐವತ್ತರ ಆಸುಪಾಸು, ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ಒಂದು ಗಂಟು. ಹೆಸರು ಗುರವ್ವ, ಯಾದಗಿರಿ ಕಡೆಯ ಹಳ್ಳಿ. ಇದೆಲ್ಲ ಆಮೇಲೆ ತಿಳಿದದ್ದು. ಗಂಡನಿಲ್ಲ, ಮಕ್ಕಳಿಲ್ಲ. ಮೈದುನನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಯಾರಿಗೂ ಹೇಳದೆ ರೈಲು ಹತ್ತಿ ತಮ್ಮನನ್ನು ಹುಡುಕಿಕೊಂಡು ಬಂದವಳು. ಮೆಜೆಸ್ಟಿಕ್ಕಿನಲ್ಲಿ ಯಾರೋ ಪುಣ್ಯವಂತರು ಟೋಕನ್ ಕೊಡಿಸಿ ಮೆಟ್ರೋ ಹತ್ತಿಸಿದ್ದರು. ಇಳಿದು ಬಂದರೆ ಎದುರಿಗೆ ಖಾಕಿ ಕೋಟು, ಕೈಯಲ್ಲಿ ಡಬ್ಬಿ, “ಹೋಲ್ಡಾನ್ ಅಮ್ಮಾ!” ಎಂಬ ಅಪ್ಪಣೆ. ಊರಿನ ಬಸ್ಸಿನಲ್ಲಿ ಖಾಕಿಯವನು ಕೈಚಾಚಿದರೆ ದುಡ್ಡು ಕೊಡುವುದು ಅವಳ ಹಳೆಯ ರೂಢಿ. ಎಲೆಯಡಿಕೆಯ ಸಂಚಿಗೆ ಕೈಹಾಕಿ, ಸಿಕ್ಕಿದ ಹತ್ತು ರೂಪಾಯಿಯ ನೋಟನ್ನು ಮಡಿಕೆ ಸಹ ಬಿಚ್ಚದೆ ಡಬ್ಬಿಗೆ ಹಾಕಿದಳು. ನಾರಾಯಣಪ್ಪ ಟಿಕ್ ಎಂದು ಚೀಟಿಗೆ ತೂತು ಹಾಕಿ ಕೊಟ್ಟರು. ಅವಳು ಅದನ್ನು ಟಿಕೆಟ್ಟಿನ ಹಾಗೆಯೇ ಸಂಚಿಯಲ್ಲಿಟ್ಟುಕೊಂಡಳು.

ಹತ್ತು ಹೆಜ್ಜೆ ಹೋಗಿರಬೇಕು. ಸಂಚಿಯನ್ನು ತಡಕಿ, ಇನ್ನೊಮ್ಮೆ ತಡಕಿ, ಗಂಟನ್ನು ಅಲ್ಲೇ ಬಿಸಾಡಿ ಓಡಿಬಂದಳು.

“ಯಪ್ಪಾ, ನನ್ನ ರೊಕ್ಕ ಕೊಡ್ರಿ. ಅದರಾಗ ನನ್ನ ತಮ್ಮನ ನಂಬರ ಐತ್ರಿ!”

ಸಂಗತಿ ಇಷ್ಟು. ನಾಗರಪಂಚಮಿಗೆ ಊರಿಗೆ ಹೋಗಿದ್ದ ತಮ್ಮ ದುಂಡೇಶ, ಬೆಂಗಳೂರಿಗೆ ಬರುವ ಮನಸ್ಸಾದರೆ ಎಂದು ತನ್ನ ಫೋನ್ ನಂಬರನ್ನು ಒಂದು ಹತ್ತರ ನೋಟಿನ ಮೇಲೆ ಬರೆದುಕೊಟ್ಟಿದ್ದ. ಚೀಟಿಯಾದರೆ ಅಕ್ಕ ಎಲ್ಲಾದರೂ ಒಗೆದಾಳು, ರೊಕ್ಕವಾದರೆ ಜೋಪಾನ ಮಾಡುತ್ತಾಳೆ ಎಂಬುದು ಅವನ ಜಾಣತನ. ವಿಜಯನಗರದಲ್ಲಿ ಇಳಿದು ಯಾರಿಗಾದರೂ ತೋರಿಸು, ಫೋನು ಹಚ್ಚುತ್ತಾರೆ, ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದಿದ್ದ. ಅವಳು ಎರಡು ತಿಂಗಳು ಅದನ್ನು ಮುರಿಸದೆ, ಬೇರೆ ದುಡ್ಡಿನ ಜೊತೆ ಬೆರೆಸದೆ ಕಾಪಾಡಿದ್ದಳು. ಖಾಕಿ ಕಂಡು ಗಾಬರಿಯಾದ ಒಂದು ಗಳಿಗೆಯಲ್ಲಿ ಅದೇ ಕೈಗೆ ಬಂತು.

“ಟಿಕೀಟಿನ ರೊಕ್ಕ ಅಂದ್ಕೊಂಡೆನ್ರಿ ಯಪ್ಪಾ” ಎಂದು ಅಳತೊಡಗಿದಳು.

ನಾರಾಯಣಪ್ಪ ಕೂಡಲೇ ಆನಂದರಿಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಅರ್ಧ ಗಂಟೆಯ ಮೇಲೆ, ಹಿನ್ನೆಲೆಯಲ್ಲಿ ಜಾಗಟೆಯ ಸದ್ದಿನೊಂದಿಗೆ ಉತ್ತರ ಬಂತು: “ಮನೇಲಿ ಪೂಜೆ ನಾರಾಯಣಪ್ಪೋರೇ, ಸಂಜೆ ಬರ್ತೀನಿ, ಕೂರ್ಸಿರಿ.” ಕೂರಿಸಿದರು. ಮೆಟ್ಟಿಲ ಪಕ್ಕದಲ್ಲಿ ಹೂ ಮಾರುವ ರಾಮಕ್ಕ ತಾನು ಹಾಸಿಕೊಂಡ ಗೋಣಿಚೀಲದ ಮೇಲೆ ಜಾಗ ಮಾಡಿಕೊಟ್ಟು, ಪುರಿ ಕಡಲೆ ಕೊಟ್ಟಳು. ಗುರವ್ವ ಅದನ್ನು ಬಾಯಿಗೆ ಹಾಕದೆ ಡಬ್ಬಿಯನ್ನೇ ನೋಡುತ್ತ ಕೂತಳು. ಡಬ್ಬಿಯೋ ಅವಳಿಗಿಂತ ನಾಲ್ಕು ಮಾರು ದೂರದಲ್ಲಿ, ಜನರ ಮುಂದೆ ಹೋಗುತ್ತ ಬರುತ್ತ ಇತ್ತು. ಹಬ್ಬದ ದಿನ, ನಿಲ್ಲಿಸುವ ಹಾಗಿಲ್ಲ.

ಮಧ್ಯಾಹ್ನ ರಾಮಕ್ಕನಿಗೆ ತಡೆಯಲಾಗಲಿಲ್ಲ. “ಸೀಲ್ ಮುಟ್ಬೇಡಿ ಅಣ್ಣ, ನನ್ ತಲೆಪಿನ್ ತಗೊಳಿ, ಆ ಸಂದಿಯಿಂದ್ಲೇ ಎಳೆದ್ರೆ ಬರ್ತದೆ. ನಾನಿಲ್ವಾ ಸಾಕ್ಷಿ?”

“ನೀನೊಬ್ಳು ಸಾಕ್ಷಿ. ನೋಡೋರು ನೂರು ಜನ” ಎಂದರು ನಾರಾಯಣಪ್ಪ.

“ಅಯ್ಯೋ, ನೋಡ್ಲಿ ಬಿಡಿ! ಹೆಣ್ಣೆಂಗ್ಸು ಅಳ್ತಾ ಕೂತವ್ಳೆ.”

“ಡಬ್ಬಿಗೆ ಪಿನ್ನು ಹಾಕ್ದ ಅಂತ ಒಬ್ಬ ಫೋನಲ್ಲಿ ಹಿಡ್ಕೊಂಡ್ರೂ ಮುಗೀತು ರಾಮಕ್ಕ. ಮೂವತ್ತೆರಡು ವರ್ಷ ಮುಗೀತು.”

ಗುರವ್ವ ಮೂರು ಸಲ ಎದ್ದುಬಂದು ಕೈ ಮುಗಿದಳು. ಅವರು ಮೂರು ಸಲವೂ, ಕೀ ನನ್ನ ಹತ್ತಿರ ಇಲ್ಲಮ್ಮ ಎಂದರು. ಪೊಲೀಸ್ ಸ್ಟೇಷನ್ನಿಗೆ ಹೋಗೋಣವೇ ಎಂದು ಕೇಳಿದ್ದಕ್ಕೆ ಅವಳು ಬೆಚ್ಚಿಬಿದ್ದು ಹಿಂದೆ ಸರಿದಳು. ಕೈಗೊಂದಿಷ್ಟು ದುಡ್ಡು ಕೊಟ್ಟು ಎಲ್ಲಾದರೂ ಊಟಕ್ಕೆ ಕಳಿಸೋಣವೆಂದರೆ, ಜೇಬು ಹೊಲಿದಿದೆ.

ಆ ಮಧ್ಯಾಹ್ನ ನಾನೂ ಅಲ್ಲಿಂದ ಹಾದುಹೋದವನೇ. ರಾಮಕ್ಕನ ಬಳಿ ಚೆಂಡುಹೂವಿನ ಹಾರಕ್ಕೆ ಚೌಕಾಸಿ ಮಾಡಿದೆ. ಹಸಿರು ಸೀರೆಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ನೋಡಿದೆ. ರಾಮಕ್ಕನ ಕಡೆಯ ಯಾರೋ ನೆಂಟರಿರಬೇಕು ಎಂದುಕೊಂಡೆ. ಡಬ್ಬಿಗೆ ದುಡ್ಡು ಹಾಕಿ ಚೀಟಿ ಪಡೆದು, “ರೈಟ್ ಸಾರ್” ಅನ್ನಿಸಿಕೊಂಡು, ಪುಣ್ಯ ಸಂಪಾದಿಸಿದವನ ಗತ್ತಿನಲ್ಲಿ ಮನೆಗೆ ಹೋಗಿ ಹೋಳಿಗೆ ತಿಂದೆ. ಒಂದು ಮಾತು ಕೇಳಲಿಲ್ಲ. ಈ ಬರಹದಲ್ಲಿ ನನ್ನ ಪಾತ್ರ ಅಷ್ಟೇ, ಅದನ್ನು ಮುಚ್ಚಿಡಬಾರದೆಂದು ಹೇಳುತ್ತಿದ್ದೇನೆ.

ನಾಲ್ಕು ಗಂಟೆಯಾಯಿತು. ಆನಂದರ ಸುಳಿವಿಲ್ಲ. ಗುರವ್ವನಿಗೆ ಅಷ್ಟರಲ್ಲಿ ತಮ್ಮ ಹೇಳಿದ್ದ ಒಂದು ಹೆಸರು ನೆನಪಿಗೆ ಬಂತು. “ನಾಯಂಡಹಳ್ಳಿ ಅಂತಿದ್ದ. ಅಲ್ಲಿ ಗೋದಾಮಿನಾಗ ಮೂಟಿ ಹೊರತಾನ.” ನಾರಾಯಣಪ್ಪನವರ ಮುಖ ಅರಳಿತು. ಸ್ಟಾಪಿನ ಹೆಸರು! ತಮಗೆ ಬರುವ ವಿದ್ಯೆ! ಮೂವತ್ತೆರಡು ವರ್ಷ ಜನರನ್ನು ಅವರವರ ಸ್ಟಾಪಿನಲ್ಲಿ ಇಳಿಸಿದ ಮನುಷ್ಯ. ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಪರಿಚಯದ ಕಂಡಕ್ಟರ್ ಮಹದೇವನಿಗೆ, “ನಾಯಂಡಹಳ್ಳೀಲಿ ಇಳಿಸಪ್ಪ, ಹುಷಾರು, ಊರಿಗೆ ಹೊಸಬ್ರು” ಎಂದು ಹೇಳಿ, ಹೆಂಗಸರಿಗೆ ಇಲ್ಲೂ ಟಿಕೆಟ್ಟಿನ ದುಡ್ಡಿಲ್ಲ ಅಮ್ಮ, ಹೆದರಬೇಡಿ ಎಂದು ಅವಳಿಗೆ ಧೈರ್ಯ ಹೇಳಿ, ಆ ಗುಲಾಬಿ ಚೀಟಿಯ ಮೇಲಿನ ನಂಬರಿಗೆ ಯಾರಿಂದಲಾದರೂ ಫೋನ್ ಮಾಡಿಸಿ ಎಂದೂ ಹೇಳಿ, ಗಂಟನ್ನು ತಾವೇ ಎತ್ತಿ ಒಳಗಿಟ್ಟರು. ಅವಳು ಕಿಟಕಿಯಿಂದ ಡಬ್ಬಿಯನ್ನು ನೋಡುತ್ತಲೇ ಇದ್ದಳು. ನಾರಾಯಣಪ್ಪ ಅಂಗೈಯಿಂದ ಬಸ್ಸಿನ ಮೈಯನ್ನು ಎರಡು ಸಲ ತಟ್ಟಿದರು.

“ರೈಟ್!”

ತಿಂಗಳುಗಳ ಮೇಲೆ ನನ್ನ ಮುಂದೆ ಅವರು ಬಾಯಿಬಿಟ್ಟು ಹೇಳಿದ ಮಾತು ಇದು: “ಬಸ್ ಹೋದ್ಮೇಲೆ ನಂಗೆ ಹಗುರಾಯ್ತು ಸಾರ್. ಸುಳ್ ಹೇಳ್ಬಾರ್ದು. ಅವ್ಳು ಮನೆ ಸೇರ್ತಾಳೆ ಅಂತಲ್ಲ. ಇನ್ ಯಾರೂ ಡಬ್ಬಿ ತೆಗೀರಿ ಅನ್ನಲ್ವಲ್ಲ ಅಂತ.”

ಮಾರನೆಯ ದಿನ, ವಿಜಯದಶಮಿಯ ಬೆಳಗ್ಗೆ, ಇಬ್ಬರು ಸಾಕ್ಷಿಗಳ ಎದುರು, ಮುದ್ರೆ ನೆಟ್ಟಗಿರುವುದನ್ನು ಎಲ್ಲರೂ ನೋಡಿದ ಮೇಲೆ, ಆನಂದ್ ಡಬ್ಬಿ ತೆರೆದರು. ನಾಲ್ಕಾಗಿ ಮಡಿಸಿದ, ಸುಣ್ಣದ ಕಲೆಯಿದ್ದ, ಎಲೆಯಡಿಕೆಯ ವಾಸನೆಯ ನೋಟು ಕೆಳಗೆ ಬೀಳದೆ ಸಂದಿಯ ಒಳಅಂಚಿಗೇ ಸಿಕ್ಕಿಕೊಂಡಿತ್ತು. ಪಿನ್ನೂ ಬೇಕಿರಲಿಲ್ಲ, ಎರಡು ಬೆರಳು ಸಾಕಾಗುತ್ತಿತ್ತು. ನಾರಾಯಣಪ್ಪ ನಂಬರು ಒತ್ತಿದರು.

“ಹೌದ್ರಿ, ದುಂಡೇಶ ಮಾತಾಡೋದು” ಎಂದಿತು ಎಳೆಯ ದನಿ. ಅಕ್ಕ ಬಂದ ಸುದ್ದಿಯಿಂದ ಮಾತು ಶುರು ಮಾಡಿದರು. ಆಚೆಯಿಂದ ಅವನು ಹಿಗ್ಗಿನಿಂದ, “ನಮ್ಮಕ್ಕ ಬೆಂಗಳೂರಿಗೆ ಬಂದಾಳ? ಯಾವಾಗ ಬಂದ್ಳ್ರಿ? ಕೊಡ್ರಿ ಆಕಿ ಕೈಯಾಗ ಫೋನು!” ಎಂದ.

ಆ ಹಿಗ್ಗು ಇದೆಯಲ್ಲ, ಅದು ನಾರಾಯಣಪ್ಪನವರನ್ನು ಮುರಿಯಿತು. ಅವಳು ಬಂದಿರುವುದೇ ಅವನಿಗೆ ಗೊತ್ತಿರಲಿಲ್ಲ.

ಆಮೇಲಿನದು ಹುಡುಕಾಟ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಇಳಿಸಿದೆ ಅಣ್ಣ, ಗಂಟು ಕೈಗೆ ಕೊಟ್ಟೇ ಇಳಿಸಿದೆ ಎಂದು ಮಹದೇವ ಆಣೆ ಮಾಡಿದ. ಅವನ ತಪ್ಪೇನೂ ಇರಲಿಲ್ಲ. ಹಬ್ಬದ ಸಂಜೆ, ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ, ಬಾಗಿಲು ಹಾಕಿದ ಗೋದಾಮುಗಳ ಸಾಲು. ಅಲ್ಲಿಂದಾಚೆಗೆ ಗುರವ್ವನನ್ನು ಕಂಡವರಿಲ್ಲ. ನಾರಾಯಣಪ್ಪ, ದುಂಡೇಶ ಇಬ್ಬರೂ ದೂರು ಕೊಟ್ಟರು, ಫೋಟೋ ಅಂಟಿಸಿದರು, ಊರಿಗೆ ಫೋನು ಮಾಡಿದರು. ಆಸ್ಪತ್ರೆಗಳ ತಣ್ಣನೆಯ ಕೋಣೆಗಳಲ್ಲಿ ಹೊದಿಕೆ ಸರಿಸಿ ಸರಿಸಿ, ಅಲ್ಲ, ಅಲ್ಲ ಎಂದು ತಲೆಯಾಡಿಸಿ ಹೊರಬಂದರು. ದುಂಡೇಶ ಒಂದು ದಿನವೂ ಅವರ ಮೇಲೆ ರೇಗಲಿಲ್ಲ. ರೇಗಿದ್ದರೆ ಅವರು ಬದುಕಿಕೊಳ್ಳುತ್ತಿದ್ದರೇನೋ. ಒಂದು ಸಲ ಮಾತ್ರ, ಹೋಟೆಲಿನ ಕಟ್ಟೆಯಲ್ಲಿ ಟೀ ಕುಡಿಯುವಾಗ, ಲೋಟವನ್ನು ನೋಡಿಕೊಂಡೇ ಕೇಳಿದನಂತೆ:

“ಅಕ್ಕ ಅಲ್ಲಿ ಎಷ್ಟೊತ್ತು ಕುಂತಿದ್ಳ್ರಿ?”

“ಐದು ಗಂಟೆ.”

“ಆವತ್ತ ನನಗ ರಜಾ ಇತ್ರಿ” ಎಂದ ದುಂಡೇಶ. “ರೂಮಿನಾಗ ಮಕ್ಕೊಂಡಿದ್ದೆ.”

ಇಷ್ಟರ ಮೇಲೆ ಇನ್ನೊಂದು ನಡೆಯಿತು, ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಶ್ರಮದ ವಾರ್ಷಿಕೋತ್ಸವದಲ್ಲಿ ನಾರಾಯಣಪ್ಪನವರಿಗೆ ಸನ್ಮಾನವಿಟ್ಟುಕೊಂಡರು. ಬೇಡವೆಂದವರನ್ನು ಕಾರು ಕಳಿಸಿ ಕರೆಸಿದರು. ಆನಂದ್ ಒಳ್ಳೆಯ ಮಾತುಗಾರ. ನೀಚನೂ ಅಲ್ಲ, ಪಾಪ, ಉತ್ಸಾಹಿ. ಮೈಕಿನ ಮುಂದೆ ನಿಂತು, ಎದುರಿಗೆ ಹೆಣ್ಣುಮಗಳೊಬ್ಬಳು ಕಣ್ಣೀರಿಟ್ಟು ಬೇಡಿದರೂ ಮುದ್ರೆಯೊಡೆಯದ ಈ ಪ್ರಾಮಾಣಿಕತೆ ನಮಗೆಲ್ಲ ಆದರ್ಶವಾಗಲಿ ಎಂದು ದನಿ ಏರಿಸಿದರು. ಅರ್ಧ ಕಥೆ ಹೇಳಿದರು, ಉಳಿದರ್ಧ ಸಭೆಗೆ ಬೇಕಿರಲಿಲ್ಲ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಆಗಿನ್ನೂ ನನಗೆ ಪೂರ್ತಿ ತಿಳಿದಿರಲಿಲ್ಲ ಎಂಬುದು ನೆಪವಾದೀತೇ ಹೊರತು ಸಮಾಧಾನವಾಗದು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾರಾಯಣಪ್ಪ ಕುರ್ಚಿಯಲ್ಲಿ ಕಾಲು ಅಗಲಿಸಿ, ಬ್ರೇಕಿಗೆ ಕಾದವರಂತೆ ಕೂತಿದ್ದರು. ಎರಡು ಮಾತಾಡಿ ಎಂದು ಮೈಕು ಹಿಡಿದಾಗ, “ತೆಗೀಬೋದಿತ್ತು” ಎಂದರು. ಅಷ್ಟೇ. ವಿನಯವೆಂದುಕೊಂಡು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಆ ಸಂಜೆ ಅವರನ್ನು ಮನೆಗೆ ಬಿಡಲು ಹೋದವನು ನಾನು. ಗುರವ್ವನ ಸಂಗತಿಯನ್ನೆಲ್ಲ ಹೇಳಿದ್ದು ಆಗಲೇ, ಮಾರೇನಹಳ್ಳಿಯ ಆ ಮೆಟ್ಟಿಲ ಮೇಲೆ ಶಾಲನ್ನು ಪಕ್ಕಕ್ಕಿಟ್ಟು. ನಾನು ನಿಯಮ, ಉದ್ದೇಶ, ದೈವ ಎಂದು ನನ್ನ ಕಸುಬಿನ ಮಾತುಗಳನ್ನೆಲ್ಲ ಆಡಿದೆ. ಅವರು ಕೇಳಿಸಿಕೊಂಡು, “ಸಾರ್, ಅವತ್ತು ಹಂಪಿನಗರದಲ್ಲಿ ಅರವತ್ ಜನ ನೋಡಿದ್ರಲ್ಲ, ಅವ್ರಿಗೆ ಹೆದ್ರಿ ನಾನು ಇವಳೊಬ್ಳನ್ನ ನೋಡ್ಲಿಲ್ಲ” ಎಂದರು.

ಈ ವರ್ಷದ ನವರಾತ್ರಿಗೂ ಬಂದಿದ್ದಾರೆ. ಅದೇ ಮೆಟ್ಟಿಲು, ಅದೇ ಕೋಟು. ಜೇಬುಗಳ ಹೊಲಿಗೆ ಬಿಚ್ಚಿದೆ. ದಾರ ಹೋದ ತೂತುಗಳು ಸಾಲಾಗಿ ಉಳಿದಿವೆ. ಮೇಲಿನ ಜೇಬಿನಲ್ಲಿ ಸುಣ್ಣದ ಕಲೆಯ ಆ ನೋಟು ಇದೆ; ಅದರ ಬದಲಿಗೆ ಡಬ್ಬಿಗೆ ಬೇರೆ ಹತ್ತು ಹಾಕಿ, ಆನಂದರನ್ನು ಕೇಳಿ ಇಸಿದುಕೊಂಡದ್ದು. ಇನ್ನೊಂದು ಜೇಬಿನಲ್ಲಿ ಬಸ್ ಚಾರ್ಜಿಗೆ, ಊಟಕ್ಕೆ ಯಾರಿಗಾದರೂ ಬೇಕಾದೀತೆಂದು ಚಿಲ್ಲರೆ. ಬೀಗವಿಲ್ಲದ ಡಬ್ಬಿ ಕೊಡಿ, ಇಲ್ಲವಾದರೆ ನನಗೆ ಡಬ್ಬಿಯೇ ಬೇಡ ಎಂದು ಹಟ ಹಿಡಿದು, ಮುಚ್ಚಳವನ್ನು ಬರಿದೆ ಒತ್ತಿದ ಡಬ್ಬಿಯನ್ನೇ ಹಿಡಿದು ನಿಂತಿದ್ದಾರೆ. ಬೀಗವಿಲ್ಲದ್ದನ್ನು ಕಂಡು ಜನ ಮೊದಲಿಗಿಂತ ಕಡಿಮೆ ಕೊಡುತ್ತಾರೆ. ಒಬ್ಬಾಕೆ ನನ್ನೆದುರೇ, ಇದಕ್ಕೆ ಹೇಗೆ ನಂಬಿ ಹಾಕೋದು ಎಂದು ಹಾಕಲು ತೆಗೆದ ನೋಟನ್ನು ಪರ್ಸಿಗೆ ವಾಪಸ್ಸು ಇಟ್ಟುಕೊಂಡಳು. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಅವರ ಕಣ್ಣು ಮೆಟ್ಟಿಲ ಮೇಲೆ. ಗಂಟು ಹಿಡಿದ, ಗೋಡೆ ಹಿಡಿದು ಇಳಿಯುವ ಯಾವ ಹೆಂಗಸು ಕಂಡರೂ ಓಡಿಹೋಗಿ, “ಹೋಲ್ಡಾನ್ ಅಮ್ಮಾ, ಯಾರನ್ನ ನೋಡ್ಬೇಕು? ನಂಬರ್ ಇದ್ಯಾ?” ಎಂದು ಕೇಳುತ್ತಾರೆ. ಕೆಲವರು ಹೆದರಿ ದೂರ ಸರಿಯುತ್ತಾರೆ. ಕೊಟ್ಟವರಿಗೆ ಚೀಟಿ ಕೊಡುತ್ತಾರೆ, ಪಂಚಿನ ಸದ್ದಿಲ್ಲ. ರೈಟ್ ಎಂಬ ಮಾತು ಅವರ ಬಾಯಿಂದ ಹೊರಟುಹೋಗಿದೆ. ಕೊರಳಿನ ಫೋನು ರಿಂಗಾದಾಗಲೆಲ್ಲ, ಡಬ್ಬಿಯನ್ನು ರಾಮಕ್ಕನ ಹೂವಿನ ಮೇಲೆ ಇಟ್ಟು ಎರಡೂ ಕೈಯಲ್ಲಿ ಎತ್ತುತ್ತಾರೆ.

ತಿಂಗಳಿಗೊಮ್ಮೆ ಕೆಂಗೇರಿಯಾಚೆಗೆ ಹೋಗಿ, ಬೀದಿಯಿಂದ ಹೊಸದಾಗಿ ತಂದ ಹೆಂಗಸರ ಮುಂದೆ ಒಬ್ಬೊಬ್ಬರ ಎದುರೂ ಕುಕ್ಕರಗಾಲಿನಲ್ಲಿ ಕೂತು ಮುಖ ನೋಡಿ ಬರುತ್ತಾರೆ. ಯಾರಿಗಾಗಿ ಏಳು ವರ್ಷ ಬೇಡಿದರೋ ಆ ದಿಕ್ಕಿಲ್ಲದವರಿಗೆ ತಾವೇ ಒಬ್ಬಳನ್ನು ಸೇರಿಸಿದ್ದಾಗಿ ಅವರು ನಂಬಿದ್ದಾರೆ, ಅಲ್ಲವೆಂದು ಹೇಳುವ ಬಾಯಿ ನನಗಿಲ್ಲ.

ಇಂಥವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಕಚೇರಿಯ ಕಿಟಕಿಗಳ ಹಿಂದೆ, ಉಗ್ರಾಣದ ಬಾಗಿಲುಗಳಲ್ಲಿ, ಆಸ್ಪತ್ರೆಯ ಮೇಜುಗಳಾಚೆ, ಒಂದು ಪೈಸೆ ಮುಟ್ಟದೆ ಒಂದು ನಿಯಮ ಮೀರದೆ ಆಯುಷ್ಯ ಸವೆಸುವ ನಿಷ್ಕಲ್ಮಷ ಜೀವಗಳು. ಅವರನ್ನು ನಾವು ಕೊಂಡಾಡುತ್ತೇವೆ, ಶಾಲು ಹೊದಿಸುತ್ತೇವೆ; ಅದಕ್ಕೂ ಮೊದಲು ಜೀವಮಾನವಿಡೀ ಅವರನ್ನು ಅನುಮಾನದಿಂದ ನೋಡಿ ನೋಡಿ, ತಮ್ಮ ಕೈ ಚೊಕ್ಕಟವೆಂದು ತೋರಿಸುವುದೊಂದೇ ಅವರ ಬದುಕಾಗುವಂತೆ ಮಾಡಿಟ್ಟಿರುತ್ತೇವೆ. ಇನ್ನೊಬ್ಬರ ಕೈ ಹಿಡಿಯಬೇಕಾದ ಗಳಿಗೆ ಬಂದಾಗ ಅವರ ಎರಡೂ ಕೈಗಳು ನಮಗೆ ತೋರಿಸುವುದರಲ್ಲೇ ತೊಡಗಿರುತ್ತವೆ. ಅವರನ್ನು ದೂರಲು ನನಗೆ ಮನಸ್ಸು ಬಾರದು, ಕ್ಷಮಿಸಲು ನಾನು ಯಾರೂ ಅಲ್ಲ.

ಗುರವ್ವ ಇನ್ನೂ ಸಿಕ್ಕಿಲ್ಲ.